ಗುಡ್ಡ ಕಟ್ಟಿದವರ ಊರಲ್ಲಿ ನಮ್ಮ ಮಾವ

ನಮ್ಮ ಸೋದರಮಾವನನ್ನು ನೀವು ಯಾವ ದೇಶಕ್ಕೆ ಬೇಕಾದರೂ ಧಾರಾಳವಾಗಿ ಕರೆದುಕೊಂಡು ಹೋಗಬಹುದು. ಆ ದೇಶದಲ್ಲಿ ಗೋಡೆ ಮಾತ್ರ ಇರಬಾರದು!

ಹೆಚ್ಚಾಯಿತು ಅನ್ನಿಸಿತೇ? ಕೇಳಿ. ಮಾವ ಮಾಗಡಿ ಕಡೆಯ ಕಲ್ಲುಕೆಲಸದವನು. ನಲವತ್ತು ವರ್ಷ ಬಂಡೆ ಒಡೆದು, ಗಾರೆ ಸಿಮೆಂಟು ಯಾವುದೂ ಇಲ್ಲದೆ ಬರೀ ಕಲ್ಲಿನ ಮೇಲೆ ಕಲ್ಲಿಟ್ಟು ಗೋಡೆ ನಿಲ್ಲಿಸಿದವನು. ಈಗ ಅವನು ಕೆಲಸ ಬಿಟ್ಟಿದ್ದಾನೆ, ಕೆಲಸ ಅವನನ್ನು ಬಿಟ್ಟಿಲ್ಲ. ಕೆಲವರಿಗೆ ಗುಡಿ ಕಂಡಲ್ಲೆಲ್ಲ ಕೈ ಮುಗಿಯುವ ಅಭ್ಯಾಸ ಇರುತ್ತದಲ್ಲ, ಇವನಿಗೆ ಗೋಡೆ ಕಂಡಲ್ಲೆಲ್ಲ ಬಡಿಯುವ ಅಭ್ಯಾಸ. ಬೆರಳ ಗೆಣ್ಣಿನಿಂದ ಮೂರು ಸಲ ಟಕಟಕ ಅನ್ನಿಸಿ, ಕಿವಿ ಹಚ್ಚಿ, ತೀರ್ಪು ಕೊಡುತ್ತಾನೆ. ನನ್ನ ಅಣ್ಣನಿಗೆ ಹೆಣ್ಣು ನೋಡಲು ಹೋದಾಗ, ಹೆಣ್ಣು ಹೊರಗೆ ಬರುವ ಮೊದಲೇ ಅವರ ಮನೆಯ ಗೋಡೆ ಬಡಿದು ನೋಡಿ "ಬ್ಯಾಡ, ಏಳ್ರಿ" ಅಂದವನು!

ನಾನು ಓದಿದವನು. ನಮ್ಮ ವಂಶದಲ್ಲಿ ಪದವಿ ಕಂಡ ಮೊದಲ ಪ್ರಾಣಿ ನಾನೇ. ಇದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಸುಮ್ಮನೆ ಬಂದದ್ದಲ್ಲ ಅದು. ಈಗ ಜರ್ಮನಿಯ ಸಿಂಡೆಲ್‌ಫಿಂಗೆನ್‌ನಲ್ಲಿದ್ದೇನೆ. ಕಾರಿನ ಬ್ರೇಕು ಹೇಗೆ ಹಿಡಿಯಬೇಕು ಅಂತ ಕಂಪ್ಯೂಟರಿಗೆ ಹೇಳಿಕೊಡುವುದು ನನ್ನ ಕೆಲಸ. ಎಂಥ ಕಾರನ್ನಾದರೂ ನಿಲ್ಲಿಸಬಲ್ಲೆ. ಮಾವನನ್ನು ನಿಲ್ಲಿಸಲು ಆಗಲಿಲ್ಲ.

ನಾನು ಬಾ ಅಂತ ಕರೆದದ್ದು ಅವ್ವನನ್ನು. "ನಾ ವಿಮಾನ ಹತ್ತಕ್ಕಿಲ್ಲ ಕಣಪ್ಪ, ನಿಮ್ಮಾವನ್ನ ಕರ್ಕೋ" ಅಂದಳು ಅವ್ವ. ಮಾವ ಬಂದ. ಬಂದ ದಿನವೇ ನನ್ನ ಬಾಡಿಗೆ ಮನೆಯ ಗೋಡೆ ಬಡಿದ. ಒಳಗೆ ಟೊಳ್ಳು, ಜಿಪ್ಸಮ್ ಹಲಗೆ.

"ಅಳಿಮಯ್ಯ, ಇದು ಗೋಡೆ ಅಲ್ಲ ಕಣ್ಲಾ. ಬಿಸ್ಕತ್ ಡಬ್ಬ!"

ಅದು ಭಾನುವಾರದ ಮಧ್ಯಾಹ್ನ. ಜರ್ಮನಿಯಲ್ಲಿ ಭಾನುವಾರ ಸದ್ದು ಮಾಡುವುದು ಮಹಾಪಾಪ. ಕೆಳಮನೆಯವರು ಸಿಟ್ಟಿನಿಂದ ಪೊರಕೆಯ ಹಿಡಿಯಿಂದ ತಮ್ಮ ಸೂರನ್ನು ಕುಟ್ಟಿದರು. ಮಾವನ ಮುಖ ಅರಳಿತು. "ನೋಡ್ದಾ? ಕೆಳಗಿನೋನಿಗೂ ಅನುಮಾನ ಬಂದು ಪರೀಕ್ಷೆ ಮಾಡ್ತಾವ್ನೆ!" ಅಂದು ಇನ್ನೂ ಮೂರು ಸಲ ಬಡಿದು ಉತ್ತರ ಕೊಟ್ಟ.

ಎರಡನೇ ವಾರ ಒಂದು ದಿನ ಅವನೊಬ್ಬನನ್ನೇ ಬಿಟ್ಟು ಆಫೀಸಿಗೆ ಹೋದೆ. ಹನ್ನೊಂದು ಗಂಟೆಗೆ ಪಕ್ಕದ ಮನೆಯ ಜರ್ಮನ್ ಮುದುಕರಿಂದ ಫೋನು. ಓಡಿ ಬಂದೆ. ಅವರ ತೋಟದ ಕಲ್ಲುಗೋಡೆ ಆರಡಿ ಉದ್ದಕ್ಕೆ ನೆಲದ ಮೇಲೆ ಬಿದ್ದಿದೆ. ನಡುವೆ ಪಂಚೆ ಎತ್ತಿಕಟ್ಟಿ ನಮ್ಮ ಮಾವ!

"ಯಾರ ಅನುಮತಿ ತಗೊಂಡು ಕೆಡವಿದರು, ಕೇಳಿ!" ಅಂದರು ಮುದುಕರು.

ನಾನು ಮಾವನಿಗೆ ಹೇಳಿದೆ. ಮಾವ, "ಗೋಡೆ ಉಬ್ಬಿ ಹೊಟ್ಟೆ ಬುಟ್ಟು ಎಷ್ಟು ವರ್ಸ ಆಯ್ತು, ಅದನ್ನ ಇವಯ್ಯನ್ನ ಕೇಳು ಮೊದ್ಲು!" ಅಂದ.

ಸಂಜೆಯೊಳಗೆ ಗೋಡೆ ಎದ್ದು ನಿಂತಿತು. ಮುದುಕರು ಅದರ ಮೇಲೆ ಹತ್ತಿ, ನಡೆದು, ಕುಣಿದೂ ನೋಡಿದರು. ಮರುದಿನ ಅವರಿಂದಲೇ ಎರಡು ಸಾಮಾನು ಬಂದವು. ಅಂಚೆಯಲ್ಲಿ ಮೂರು ಪುಟದ ದೂರು, ಬಾಗಿಲಲ್ಲಿ ಒಂದು ಸೇಬಿನ ಕೇಕು. ದೂರು ನಿಯಮಕ್ಕೆ, ಕೇಕು ಗೋಡೆಗೆ!

ಅಂದು ತೀರ್ಮಾನಿಸಿದೆ, ಈ ಮನುಷ್ಯನನ್ನು ಇನ್ನು ಒಬ್ಬನೇ ಬಿಡುವುದಿಲ್ಲ. ಆದರೆ ಎಷ್ಟೋ ಮುಂಚೆಯೇ ನಾನೂ ಉಡುಪಿ ಕಡೆಯ ನನ್ನ ಗೆಳೆಯನೂ ಗ್ರೀಸಿನ ಈಯೊಸ್ ದ್ವೀಪಕ್ಕೆ ಶುಕ್ರವಾರ ಹೋಗಿ ಭಾನುವಾರ ಬರಲು ಟಿಕೆಟ್ ಮಾಡಿಸಿದ್ದೆವು. ಈಯೊಸ್ ಅಂದರೆ ಯುರೋಪಿನ ಹುಡುಗ ಹುಡುಗಿಯರು ಕುಡಿದು ಕುಣಿಯುವುದಕ್ಕೇ ಹೋಗುವ ಜಾಗ.

"ಎಂತ ಮಾರಾಯ, ಪಾರ್ಟಿ ದ್ವೀಪಕ್ಕೆ ಮಾವನನ್ನು ಕಟ್ಟಿಕೊಂಡು ಹೋಗುದಾ?" ಗೆಳೆಯ ತಲೆ ಹಿಡಿದುಕೊಂಡ.

"ಇಲ್ಲಿ ಬಿಟ್ಟರೆ ಊರೇ ಬಿಚ್ಚಿ ಕಟ್ಟುತ್ತಾನೆ."

ಇನ್ನೊಂದು ಅಳುಕೂ ಇತ್ತು. ಸೋಮವಾರ ಬೆಳಿಗ್ಗೆ ಎಂಟೂವರೆಗೆ ವಿದೇಶಿಯರ ಕಚೇರಿಯಲ್ಲಿ ನನ್ನ ಟೆರ್ಮೀನ್. ಹಾಗೆಂದರೆ ಅವರು ಕೊಟ್ಟ ಹೊತ್ತಿಗೆ ಅವರ ಮುಂದೆ ನಿಲ್ಲುವುದು. ಈ ದೇಶದಲ್ಲಿ ಖಾಯಂ ಆಗಿ ಇರಲು ಬಿಡುವ ಕಾರ್ಡಿಗಾಗಿ ಮೂರು ಸಲ ಜರ್ಮನ್ ಪರೀಕ್ಷೆ ಬರೆದು, ತಿಂಗಳುಗಟ್ಟಲೆ ಕಾದು ಪಡೆದ ದಿನ ಅದು. ನನ್ನ ಹಳೆ ಕಾರ್ಡು ಅದೇ ವಾರ ಮುಗಿಯುತ್ತಿತ್ತು. ಹೊಸ ಕೆಲಸದ ಒಪ್ಪಂದ ಹೊಸ ಕಾರ್ಡಿಗಾಗಿ ಕಾಯುತ್ತಿತ್ತು. ತಪ್ಪಿದರೆ ಮತ್ತೆ ಸಾಲಿನ ಕೊನೆ.

"ಭಾನುವಾರ ರಾತ್ರಿಯೊಳಗೆ ಮನೇಲಿ ಇರ್ತೇವೆ, ಹೆದರ್ಬೇಡ" ಅಂದ ಗೆಳೆಯ. ಇಂಥ ಮಾತನ್ನು ಯಾರೂ ಯಾವತ್ತೂ ಹೇಳಬಾರದು.

ಸ್ಯಾಂಟೊರಿನಿಗೆ ವಿಮಾನ, ಅಲ್ಲಿಂದ ಹಡಗು. ಬಂದರಿನಲ್ಲಿ ಇಳಿದಾಗ ಸುತ್ತ ಚಡ್ಡಿ ಹುಡುಗರು, ಕಿವಿ ಒಡೆಯುವ ಸಂಗೀತ, ಮಧ್ಯೆ ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು ಹಾಕಿದ ಮಾವ. ಇದು ಯಾವುದೋ ಹೊಸ ವೇಷ ಅಂದುಕೊಂಡು ನಾಲ್ಕು ಹುಡುಗಿಯರು ಅವನ ಜೊತೆ ಸೆಲ್ಫಿ ತೆಗೆದುಕೊಂಡರು! ಹೋಟೆಲಿನವಳು ಎಲ್ಲರ ಮಣಿಕಟ್ಟಿಗೆ ಹಳದಿ ಪಟ್ಟಿ ಸುತ್ತಿದಳು. ಮಾವ ಗಾಬರಿಯಾಗಿ, "ಅಳಿಯ, ಆಸ್ಪತ್ರೇಲಿ ಕಟ್ಟೋ ಪಟ್ಟಿ ಅಲ್ವೇನ್ಲಾ ಇದು? ನನಗೇನಾಗದೆ?" ಅಂದ.

"ಏನಿಲ್ಲ ಮಾವ, ಇದಿದ್ರೆ ಕುಡಿಯೋಕೆ ಪುಕ್ಕಟೆ."

"ಅಂಗಾರೆ ನಿಂಗೇ ಕಾಯಿಲೆ" ಅಂದು ಕಿತ್ತು ನನ್ನ ಕೈಗಿಟ್ಟ.

ಬೀಚಿನಲ್ಲಿ ಎಲ್ಲರೂ ಸಮುದ್ರ ನೋಡುತ್ತಿದ್ದರೆ ಇವನು ಸಮುದ್ರಕ್ಕೆ ಬೆನ್ನು ಹಾಕಿ ಗುಡ್ಡ ನೋಡುತ್ತಾ ನಿಂತ. ನಾನು ಅಲ್ಲಿಯವರೆಗೆ ಆ ಗುಡ್ಡವನ್ನು ಸರಿಯಾಗಿ ನೋಡಿರಲಿಲ್ಲ. ಬುಡದಿಂದ ತುದಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಸಾವಿರಾರು ಕಲ್ಲುಗೋಡೆಗಳು. ಯಾವ ಕಾಲದ್ದೋ, ಯಾರು ಹೊತ್ತರೋ. ಮಾವ ಹಣೆಗೆ ಕೈ ಅಡ್ಡ ಹಿಡಿದು ಸಾಲು ಸಾಲಾಗಿ ನೋಡಿದ. ಆಮೇಲೆ ಗುಟ್ಟು ಹೇಳುವವನ ಹಾಗೆ ಅಂದ, "ಈ ಗುಡ್ಡಾನ ಯಾರೋ ಕಟ್ಟವ್ರೆ ಕಣ್ಲಾ."

ಆಗಲೇ ನಾನು ಅವನನ್ನು ಮಂಚದ ಕಾಲಿಗೆ ಕಟ್ಟಿಹಾಕಬೇಕಿತ್ತು!

ಭಾನುವಾರ ಬೆಳಿಗ್ಗೆ ಎದ್ದರೆ ಮಾವನ ಹಾಸಿಗೆ ಖಾಲಿ. ಫೋನು ದಿಂಬಿನ ಮೇಲೆ. ಬರುತ್ತಾನೆ ಬಿಡು ಅಂದುಕೊಂಡೆವು. ಹತ್ತೂವರೆಗೆ ಹಡಗಿನವರ ಸಂದೇಶ ಬಂತು: ಗಾಳಿ ಏಳುತ್ತಿದೆ, ಮಧ್ಯಾಹ್ನ ಒಂದೂವರೆಯ ಹಡಗೇ ಇವತ್ತಿನ ಕೊನೆಯದು, ಮುಂದಿನವು ರದ್ದು. ಗೆಳೆಯನನ್ನು ಚೀಲಗಳ ಸಮೇತ ಬಂದರಿಗೆ ಕಳಿಸಿ ನಾನು ಗುಡ್ಡದ ಕಡೆ ಓಡಿದೆ.

ಕುಡಿದವರ ಬೀದಿ ಇನ್ನೂ ಮಲಗಿತ್ತು. ಅದನ್ನು ದಾಟಿ ಹತ್ತು ನಿಮಿಷ ಹತ್ತಿದೆ ನೋಡಿ, ದ್ವೀಪವೇ ಬೇರೆ! ಕೋಣೆಯಷ್ಟೇ ಇರುವ ಬಿಳಿ ಚರ್ಚುಗಳು, ಮೇಕೆ ಕೊರಳ ಗಂಟೆ, ಕಾಲಿಗೆ ಸಿಕ್ಕಿ ಘಮ್ಮೆನ್ನುವ ಒಣಗಿಡ, ಅಂಗಳದಲ್ಲಿ ಟೊಮ್ಯಾಟೊ ಒಣಹಾಕುವ ಅಜ್ಜಿ. ಬೇರೆ ದಿನವಾಗಿದ್ದರೆ ಕೂತು ನೋಡುತ್ತಿದ್ದೆ. ಅವತ್ತು ಪ್ರತಿ ಗೋಡೆಯ ಹಿಂದೆಯೂ ಇಣುಕಿ "ಮಾವಾ!" ಅಂತ ಕೂಗುವುದೇ ಆಯಿತು. ಗೋಡೆ ಸಾವಿರ, ಮಾವ ಒಬ್ಬ! ಬಿಸಿಲು ನೆತ್ತಿಗೇರಿತು. ಬಿದ್ದಿದ್ದರೆ? ಅವ್ವನಿಗೆ ಏನು ಹೇಳಲಿ? ಕೊನೆಗೆ ಆ ಅಜ್ಜಿಯ ಮುಂದೆ ನಿಂತು, ಗಾಳಿಯಲ್ಲಿ ಪಂಚೆ ಉಟ್ಟು ತೋರಿಸಿದೆ. ಅಜ್ಜಿ ನಕ್ಕು ಮೇಲಕ್ಕೆ ಕೈ ಮಾಡಿದಳು.

ಹನ್ನೆರಡೂ ಕಾಲಿಗೆ ಸಿಕ್ಕಿದ. ಕುಸಿದ ಗೋಡೆಯೊಂದರ ಮುಂದೆ ಒಬ್ಬ ಗ್ರೀಕ್ ಮುದುಕನೂ ಮಾವನೂ ಜಗಳವಾಡುತ್ತಿದ್ದರು. ಅವನು ಗ್ರೀಕಿನಲ್ಲಿ, ಇವನು ಕನ್ನಡದಲ್ಲಿ. ಮಾವ ಇಟ್ಟ ಕಲ್ಲನ್ನು ಮುದುಕ ತೆಗೆಯುತ್ತಾನೆ, ಮುದುಕ ಇಟ್ಟದ್ದನ್ನು ಮಾವ ತಿರುಗಿಸುತ್ತಾನೆ. ಒಬ್ಬರ ಮಾತೂ ಒಬ್ಬರಿಗೆ ತಿಳಿಯದು, ಆದರೆ ಬೈಗುಳ ಪೂರ್ತಿ ತಿಳಿಯುತ್ತಿತ್ತು!

"ಮಾವ, ಹಡಗು ಹೋಗ್ತದೆ, ನಡಿ!"

"ಇನ್ನು ಮೂರು ಮೊಳ ಅದೆ."

"ಯಾರ ಗೋಡೆಯೋ ಏನೋ, ಬಿಡು ಮಾವ!"

"ಬಿದ್ದಿದ್ದು ಒಂದು ಮೊಳ ಕಣ್ಲಾ. ಬುಡ ಸರಿಯಿಲ್ಲ ಅಂತ ಉಳಿದಿದ್ದ ಬಿಚ್ಚಿದೋನು ನಾನು. ಮೇಲೆ ಮೇಕೆ ಅವೆ, ಕೆಳಗೆ ಇವಯ್ಯನ ದ್ರಾಕ್ಷಿ ಬಳ್ಳಿ. ಬಿಚ್ಚಿ ಓಡೋದ ಅಂತ ಅನ್ಸಿಕೊಳ್ಳಾ?"

ಜೇಬಿನಲ್ಲಿ ಫೋನು. ಗೆಳೆಯ. "ಎಲ್ಲಿದ್ದಿ ಮಾರಾಯ ನೀನು? ಜನ ಸಾಲು ನಿಂತಾಯ್ತು!"

ಮೂರು ಪರೀಕ್ಷೆ, ಅಷ್ಟು ತಿಂಗಳು, ಅಷ್ಟು ಕಾಗದ. ಬಾಯಿಂದ ಬರಬಾರದ್ದು ಬಂತು. "ಒಂದು ಕಾಗದಕ್ಕೆ ಎಷ್ಟು ಕಷ್ಟ ಇದೆ ಅಂತ ನಿನಗೇನು ಗೊತ್ತು? ಒಂದಕ್ಷರ ಓದಿದ್ರೆ ತಾನೆ ಗೊತ್ತಾಗೋಕೆ!"

ಮಾವ ತಲೆಯೆತ್ತಲಿಲ್ಲ. "ಊಂ, ಅದು ದಿಟವೇ" ಅಂದ. ಮುಂದಿನ ಕಲ್ಲು ಎತ್ತಿದ. ಗ್ರೀಕ್ ಮುದುಕ ನನ್ನನ್ನೇ ದುರುಗುಟ್ಟಿ ನೋಡಿದ. ಅವನಿಗೆ ಇದೂ ತಿಳಿದಿತ್ತು.

ಮಾತು ವಾಪಸ್ ತೆಗೆದುಕೊಳ್ಳುವುದು ಹೇಗೆ ಅಂತ ಯಾವ ಕಾಲೇಜಿನಲ್ಲೂ ಹೇಳಿಕೊಟ್ಟಿರಲಿಲ್ಲ. ಬಗ್ಗಿ ನಾನೂ ಒಂದು ಕಲ್ಲೆತ್ತಿದೆ.

ಛಟ್ ಅಂತ ಕೈ ಮೇಲೆ ಏಟು! "ಇಡ್ಲಾ ಕೆಳಕ್ಕೆ! ನೀನು ಮುಟ್ಟಬ್ಯಾಡ!"

ಇದು ಹೊಸದೇನಲ್ಲ. ಚಿಕ್ಕಂದಿನಲ್ಲಿ ಅವನ ಮಕ್ಕಳು, ನನ್ನ ಅಣ್ಣ ಎಲ್ಲರೂ ಬಂಡೆ ಒಡೆಯುವ ಕಡೆ ಕಲ್ಲಿನ ಚಕ್ಕೆ ಹೊರುತ್ತಿದ್ದರು. ನಾನು ಹೋದರೆ ಮಾತ್ರ ಮಾವ ಕೋಲು ಹಿಡಿದು ಅಟ್ಟುತ್ತಿದ್ದ. ನಾನು ಕೆಲಸಕ್ಕೆ ಬಾರದವನು ಅಂತ ಅವನ ಲೆಕ್ಕ, ಅಂತ ಎಷ್ಟೋ ವರ್ಷ ಕುದಿದಿದ್ದೇನೆ. ಆದರೆ ಅವತ್ತು ಗಡಿಯಾರ ಓಡುತ್ತಿತ್ತು. ಏಟು ತಿಂದೇ ಎತ್ತಿದೆ. ಇನ್ನೊಂದು ಎತ್ತಿದೆ. ಮಾವ ಎರಡು ಸಲ ಗದರಿದ, ಮೂರನೇ ಸಲ ಗದರಲು ಅವನಿಗೂ ಹೊತ್ತಿರಲಿಲ್ಲ. "ಅಗಲವಾದ್ದು ಒಳಕ್ಕೆ. ಆ ಚಕ್ಕೆ ಇತ್ಲಾಗಿ ಕೊಡು. ಸಂದಿ ತುಂಬು, ಬೇಗ!" ಮೂವರೂ ನಾಯಿಗಳ ಹಾಗೆ ಏದುತ್ತಾ ಕೆಲಸ ಮಾಡಿದೆವು.

"ಹಡಗು ಕಾಣ್ತಾ ಉಂಟು!" ಫೋನಿನಲ್ಲಿ ಗೆಳೆಯ. "ನಾನು ಹೊಟ್ಟೆನೋವು ಅಂತ ಇಲ್ಲಿ ಬೀಳ್ಲಾ? ಸ್ವಲ್ಪ ನಿಲ್ಲಿಸ್ತಾರಾ?"

"ಬೀಳು!" ಅಂದೆ.

ಕೊನೆಯ ಕಲ್ಲು ಕೂತಾಗ ಒಂದು ಗಂಟೆ ಹತ್ತು ನಿಮಿಷ. ಮಾವ ಗೋಡೆಯನ್ನು ಮೂರು ಸಲ ಬಡಿದ. ಗ್ರೀಕ್ ಮುದುಕನೂ ಬಡಿದ. ಇಬ್ಬರೂ ತಲೆಯಾಡಿಸಿದರು. ಆಮೇಲೆ ಮುದುಕ ನಮ್ಮನ್ನು ತನ್ನ ಲಟಾರಿ ಗಾಡಿಯ ಹಿಂದೆ ಹತ್ತಿಸಿ ಇಳಿಜಾರಿನಲ್ಲಿ ಬಿಟ್ಟ. ಬ್ರೇಕಿನ ವಿಷಯ ಬಲ್ಲವನಾಗಿ ಹೇಳುತ್ತೇನೆ, ಆ ಗಾಡಿಗೆ ಬ್ರೇಕ್ ಇರಲಿಲ್ಲ! ಬಂದರಿನಲ್ಲಿ ಗೆಳೆಯ ನಿಜವಾಗಿಯೂ ನೆಲದ ಮೇಲೆ ಹೊರಳಾಡುತ್ತಿದ್ದ, ಇಬ್ಬರು ಖಲಾಸಿಗಳು ಅವನಿಗೆ ಗಾಳಿ ಹಾಕುತ್ತಿದ್ದರು. ನಮ್ಮನ್ನು ಕಂಡದ್ದೇ ತಡ, ಎದ್ದು ಚೀಲಗಳನ್ನೆಲ್ಲ ಹೆಗಲಿಗೇರಿಸಿ ಎಲ್ಲರಿಗಿಂತ ಮುಂಚೆ ಓಡಿದ. ಖಲಾಸಿಗಳ ಬಾಯಿ ತೆರೆದೇ ಇತ್ತು.

ಹಡಗಿನಲ್ಲಿ ಮಾವ ಗುಡ್ಡದ ಕಡೆ ತಿರುಗಿ ಕೂತ. ನಾನು ಆಡಿದ ಮಾತು ನಮ್ಮಿಬ್ಬರ ನಡುವೆ ಕೂತಿತ್ತು.

ಸೋಮವಾರ ಎಂಟೂವರೆಗೆ ಕಚೇರಿಯಲ್ಲಿದ್ದೆ. ಮಾವನನ್ನೂ ಕರೆದೊಯ್ದಿದ್ದೆ, ಮನೆಯಲ್ಲಿ ಬಿಟ್ಟರೆ ಗೋಡೆಗಳಿವೆಯಲ್ಲ! ಕಾಗದಗಳೆಲ್ಲ ಸರಿಯಾಗಿದ್ದವು. ಕೊನೆಗೆ ಅಧಿಕಾರಿಣಿ ಕಾರ್ಡಿಗೆ ಬೆರಳಚ್ಚು ಕೇಳಿದಳು. ಗಾಜಿನ ಮೇಲೆ ಬೆರಳಿಟ್ಟೆ. ಯಂತ್ರ ಕೆಂಪು ದೀಪ ತೋರಿಸಿತು. ಮತ್ತೆ ಇಟ್ಟೆ, ಮತ್ತೆ ಕೆಂಪು. ನಿನ್ನೆಯ ಕಲ್ಲಿಗೆ ಬೆರಳ ತುದಿಗಳು ತರಚಿಹೋಗಿದ್ದವು. ಅವಳು ಹುಬ್ಬು ಗಂಟಿಕ್ಕಿದಳು. "ಆಗದಿದ್ದರೆ ಇನ್ನೊಂದು ದಿನ ಬರಬೇಕಾಗುತ್ತದೆ."

"ಏನಂತೆ?" ಮಾವ ಕೇಳಿದ.

"ಬೆರಳ ಗೆರೆ ಬರ್ತಿಲ್ಲ ಮಾವ."

ಮಾವನ ಮುಖ ಬಿಳಿಚಿಕೊಂಡಿತು. ನಾನು ತಡೆಯುವ ಮೊದಲೇ ಎದ್ದು ಬಂದು ತನ್ನ ಹೆಬ್ಬೆಟ್ಟನ್ನು ಗಾಜಿನ ಮೇಲೆ ಒತ್ತಿಬಿಟ್ಟ. "ನಂದು ತಗೊಳ್ಳವ್ವ ಬೇಕಾದ್ರೆ. ಅವನದೇನೂ ತಪ್ಪಿಲ್ಲ."

ಪರದೆಯ ಮೇಲೆ ಮಾವನ ಬೆರಳು ದೊಡ್ಡದಾಗಿ ಮೂಡಿತು. ಅದರಲ್ಲಿ ಒಂದು ಗೆರೆಯೂ ಇರಲಿಲ್ಲ. ನೀರು ಸವೆಸಿದ ಹಾಸುಗಲ್ಲಿನ ಹಾಗೆ ನುಣ್ಣಗೆ, ಖಾಲಿ. ನಲವತ್ತು ವರ್ಷದ ಗೋಡೆಗಳು ತಿಂದು ಉಳಿದದ್ದು ಅಷ್ಟೆ. ಅಧಿಕಾರಿಣಿ ಆ ಪರದೆಯನ್ನು ನೋಡಿದಳು, ಅವನ ಕೈ ನೋಡಿದಳು. ಗಾಜು ಒರೆಸಿ, ತನ್ನ ಮೇಜಿನ ಖಾನೆಯಿಂದ ಮುಲಾಮು ತೆಗೆದು ನನ್ನ ಬೆರಳಿಗೆ ತಾನೇ ಹಚ್ಚಿ, ಕಾದು, ಮೆಲ್ಲಗೆ ಒತ್ತಿದಳು.

ಹಸಿರು ದೀಪ.

ಮಾವ ಪರದೆಯ ಹತ್ತಿರಕ್ಕೆ ಬಗ್ಗಿದ. ಸುಳಿಸುಳಿಯಾಗಿ ಸುತ್ತಿದ ನನ್ನ ಗೆರೆಗಳನ್ನು ಒಂದೊಂದಾಗಿ, ಎಣಿಸುವ ಹಾಗೆ ನೋಡಿದ. ಆಮೇಲೆ ಉಸಿರು ಬಿಟ್ಟು, ಒಂದು ಕಾಲಕ್ಕೆ ಕೋಲು ಹಿಡಿದು ನನ್ನನ್ನು ಬಂಡೆಯ ಹತ್ತಿರದಿಂದ ಅಟ್ಟುತ್ತಿದ್ದ ಆ ನುಣ್ಣನೆ ಬೆರಳುಗಳಿಂದ ನನ್ನ ತಲೆ ಸವರಿದ.

"ಸದ್ಯ, ಒಂದೂ ಹೋಗಿಲ್ಲ ಕಣ್ಲಾ" ಅಂದ.