ಬಂಡೆಯ ನಡುವೆ ಮೂರು ವರ್ಷ

ಕಾದಂಬರಿಯ ಕೊನೆಯ ಅಧ್ಯಾಯದಲ್ಲಿ ನಾಯಕಿ ಬಂಡೆಯ ನಡುಮಧ್ಯೆ ನಿಂತು ಮೂರು ವರ್ಷವಾಗಿತ್ತು. ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ.

"ಪಾಪ, ಆಯಮ್ಮನ ಕೈ ಸೋತಿರುತ್ತೆ ರೀ," ಎಂದ ಪ್ರಕಾಶಕ, ಬೆಳ್ಳಂಬೆಳಿಗ್ಗೆ ಬಂದು ಕೂತು. "ಹತ್ತಿಸಿ, ಇಲ್ಲಾ ಇಳಿಸಿ. ಸಂಜೆಯೊಳಗೆ ಕೊನೇ ಪುಟ ಬರದಿದ್ರೆ ಈ ಪುಸ್ತಕ ನಾನು ಹಾಕಲ್ಲ."

ಕಾದಂಬರಿಕಾರ ತಲೆ ತಗ್ಗಿಸಿದ. ನಾಯಕಿ ಬೇರೆ ಯಾರೂ ಅಲ್ಲ, ತೀರಿಹೋದ ಅವನ ಹೆಂಡತಿ. ಅವಳನ್ನು ಒಯ್ದದ್ದು ಬಂಡೆಯಲ್ಲ, ಹದಿನೈದು ದಿನದ ಜ್ವರ. ಪ್ರತಿ ಭಾನುವಾರ ಅವಳು ಬಂಡೆ ಹತ್ತುತ್ತಿದ್ದಳು, ಇವನು ಕೆಳಗೆ ನಿಂತು ಹಗ್ಗ ಹಿಡಿಯುತ್ತಿದ್ದ. ಹತ್ತುವ ಮುಂಚೆ ಅವಳು "ಹಿಡ್ಕೊಂಡಿದ್ದೀರಾ?" ಎನ್ನಬೇಕು, ಇವನು "ಹಿಡ್ಕೊಂಡಿದ್ದೀನಿ" ಎನ್ನಬೇಕು. ಅದು ಹತ್ತುವವರ ಪದ್ಧತಿ. ಇವನು ಮಾತ್ರ ಒಂದಡಿಯೂ ಹತ್ತಿದವನಲ್ಲ.

"ಅದೇ ನಿಮ್ಮ ರೋಗ," ಎಂದರು ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರು, ಯಾರೂ ಕರೆಯದಿದ್ದರೂ ಬಂದು. "ನೀರಿಗಿಳಿಯದೆ ಈಜು ಬರುತ್ತಾ?"

ಇಬ್ಬರೂ ಸೇರಿ ಅವನನ್ನು ಬಂಡೆ ಹತ್ತಲು ಕಲಿಸುವ ಜಾಗಕ್ಕೆ ಎಳೆದೊಯ್ದರು. ಅಲ್ಲಿ ಬಂಡೆ ಇರಲಿಲ್ಲ. ಬಣ್ಣಬಣ್ಣದ ಹಿಡಿಕೆ ಕೂರಿಸಿದ ಎತ್ತರದ ಗೋಡೆಯಿತ್ತು. ಸೊಂಟಕ್ಕೆ ಪಟ್ಟಿ ಬಿಗಿದಾಗ ಅವನ ಹೊಟ್ಟೆ ಎರಡು ಭಾಗವಾಯಿತು. ಹನ್ನೆರಡಡಿ ಏರಿದವನು ಅಲ್ಲೇ ಹಲ್ಲಿಯಂತೆ ಅಂಟಿಕೊಂಡ.

"ಎಡಗಾಲು ಎತ್ತಿ," ಎಂದರು ಮಾಸ್ತರು.

"ಬಲಗಾಲು ರೀ," ಎಂದ ಪ್ರಕಾಶಕ.

ಯಾರ ಮನಸ್ಸನ್ನೂ ನೋಯಿಸಲಾರದೆ ಎರಡನ್ನೂ ಎತ್ತಿ ನೇತಾಡಿದ.

"ಕೈ ಬಿಡಿ ಸಾರ್," ಎಂದಳು ಕೆಳಗೆ ಹಗ್ಗ ಹಿಡಿದಿದ್ದ ಕಲಿಸುವ ಹುಡುಗಿ. "ಹಿಡ್ಕೊಂಡಿದ್ದೀನಿ."

ಆ ಮಾತು ಕೇಳಿದ್ದೇ ಬೆರಳುಗಳು ತಾವಾಗಿ ಸಡಿಲವಾದವು. ಅವನು ಬೀಳಲಿಲ್ಲ. ಹಗ್ಗ ಅವನ ಭಾರ ಹೊತ್ತು ಮೆಲ್ಲಗೆ ಇಳಿಸಿತು. ಹೆಂಡತಿಗೂ ಪ್ರತಿ ಭಾನುವಾರ ಹೀಗೇ ಅನಿಸುತ್ತಿತ್ತೇ ಎಂದು ನೆನೆದು ಅತ್ತುಬಿಟ್ಟ. ಪೆಟ್ಟಾಗಿದೆಯೆಂದುಕೊಂಡು ಮಾಸ್ತರು ಮೊಣಕಾಲಿಗೆ ಮುಲಾಮು ಹಚ್ಚಿದರು.

ಮನೆಗೆ ಬಂದವನೇ ಕೋಣೆ ಸೇರಿ ಬರೆದ. ನಾಯಕಿ ಕೈ ಬಿಟ್ಟಳು, ಹಗ್ಗ ಇಳಿಸಿತು, ಕಾಲು ನೆಲ ಮುಟ್ಟಿತು. ಅಷ್ಟು ಚೆನ್ನಾಗಿ ಅವನು ಎಂದೂ ಬರೆದಿರಲಿಲ್ಲ. ಅವಳು ಹಗ್ಗದ ಗಂಟು ಬಿಚ್ಚಿ, ಚೀಲ ಹೆಗಲಿಗೇರಿಸಿ ಹೊರಟೇಹೋದಳು. ನಾಳೆ ಬೆಳಿಗ್ಗೆ ಈ ಮೇಜಿನ ಮುಂದೆ ಕೂತರೆ ಅವಳು ಇರುವುದಿಲ್ಲ.

ಹೊರಗೆ ಕಾಯುತ್ತಿದ್ದ ಪ್ರಕಾಶಕ ಕೆಮ್ಮಿದ. "ಇಳಿದ್ರಾ?"

ಕಾದಂಬರಿಕಾರ ಆ ಪುಟವನ್ನು ಹರಿದು ಚೂರುಗಳನ್ನು ಜೇಬಿಗೆ ತುರುಕಿಕೊಂಡು ಬಾಗಿಲು ತೆರೆದ.

"ಇಲ್ಲ."

"ಹಾಗಾದ್ರೆ ಪುಸ್ತಕದ ಆಸೆ ಬಿಟ್ಬಿಡಿ," ಎಂದು ಪ್ರಕಾಶಕ ಚಪ್ಪಲಿ ಮೆಟ್ಟಿದ. "ಇಳಿಸೋಕೆ ನಿಮಗೇನ್ರೀ ಕಷ್ಟ?"

"ಹಿಡ್ಕೊಂಡಿದ್ದೀನಿ," ಎಂದ ಕಾದಂಬರಿಕಾರ.