ಮನಸ್ಸಿನ ಕೋಣೆಗೆ ಕುಂಟುತ್ತಾ ಬಂದವರು

ಬೇರೆಯವರ ಬದುಕಿನಲ್ಲಿ ತಮಾಷೆ ಹಬ್ಬಕ್ಕೊಮ್ಮೆ ಬರುತ್ತದೇನೋ. ನಾನು ಕುರ್ಚಿ ಹಾಕಿಕೊಂಡು ಕೂರುವ ಬಾಗಿಲಿಗೆ ಅದು ದಿನಾ ಬಂದು ಚಪ್ಪಲಿ ಬಿಡುತ್ತದೆ.

ಪುಣೆಯ ಮಗರಪಟ್ಟಾದ ಎತ್ತರದ ಕಟ್ಟಡಗಳ ಹಿಂದೆ ನಮ್ಮ ವಸ್ತಿ, ಅಂದರೆ ಬಡವರ ಕೇರಿ. ಅಲ್ಲಿನ ಕಮಿಟಿಯದೊಂದು ಕೋಣೆಯಲ್ಲಿ ಮೈಸೂರು ಕಡೆಯ ಮೇಡಂ ಒಬ್ಬರು ಜನರ ಮನಸ್ಸಿನ ಕಷ್ಟ ಕೇಳಿ ದಾರಿ ತೋರಿಸುತ್ತಾರೆ. ಫೀಸು ಕೈಲಾದಷ್ಟು, ಕೈಲಾಗದಿದ್ದರೆ ಒಂದು ನಮಸ್ಕಾರ. ಧಾರವಾಡದಿಂದ ಬಂದು ಇಲ್ಲೇ ಝೆರಾಕ್ಸ್ ಅಂಗಡಿ ಇಟ್ಟಿರುವ ನಾನು ಸಂಜೆ ಹೊತ್ತು ಆ ಬಾಗಿಲು ಕಾಯುವ ಪುಕ್ಕಟೆ ಸೇವಕ. ಇಲ್ಲಿ ಎಲ್ಲರದೂ ಮರಾಠಿ. ನಾನು ಅದನ್ನು ನಮ್ಮ ಕನ್ನಡಕ್ಕೆ ತಂದಿದ್ದೇನೆ, ಒಂಚೂರು ಖಾರ ಸೇರಿಸಿ. ಅರ್ಧ ನಂಬಿದರೆ ಸಾಕು. ಯಾವ ಅರ್ಧ ಅನ್ನುವುದು ನಿಮಗೆ ಬಿಟ್ಟಿದ್ದು.

ಬೋರ್ಡು

ಮೊದಮೊದಲು ನರಪಿಳ್ಳೆಯೂ ಬರಲಿಲ್ಲ. ಒಳಗೆ ಹೋದರೆ ಹುಚ್ಚರು ಅಂದಾರು ಎಂಬ ಭಯ. ವಸ್ತಿ ಕಮಿಟಿಯ ಅಧ್ಯಕ್ಷರಿಗಂತೂ ಆ ಕೋಣೆಯಲ್ಲಿ ವ್ಯಾಯಾಮಶಾಲೆ ಮಾಡುವ ಆಸೆ. "ಗಣಪತಿ ಕಳಿಸಿದ ಮ್ಯಾಲೆ ಸಭಾ ಕರಿತೀನಿ. ಜನಕ್ಕ ಬ್ಯಾಡಾದ್ರ ಖಾಲಿ ಮಾಡ್ರಿ" ಎಂದರು. ಮೇಡಂ ಮುಖ ಬಾಡಿತು, ನನ್ನ ತಲೆ ಓಡಿತು. ಮರುದಿನ ಬಾಗಿಲ ಮೇಲೆ ಬೋರ್ಡು: "ಮೊಣಕಾಲು ನೋವಿಗೆ ಸಲಹೆ." ಕಾಲಿನ ನೆಪ ಸಿಕ್ಕಿತು, ಜನ ಬರತೊಡಗಿದರು. ಕಾಲಿಗಲ್ಲ, ಮನಸ್ಸಿಗೆ ಸಲಹೆ ಎಂಬ ನಿಜ ಸಂಗತಿ ಕಿವಿಯಲ್ಲಿ ಊದಿ ಒಳಗೆ ಬಿಡುತ್ತಿದ್ದೆ.

ಒಬ್ಬ ಅಜ್ಜಿಯ ಕಿವಿಯಲ್ಲಿ ಊದುವುದು ಮರೆತೆ. ಆಕೆಗೆ ನಿಜಕ್ಕೂ ಮೊಣಕಾಲು ನೋವು! ಒಂದು ತಾಸು ಬಿಟ್ಟು ಹೊರಬಂದಳು.

"ಹ್ಯಾಂಗದ ಆಯಿ, ನೋವು?"

"ಕಾಲು ಹಾಂಗೇ ಅದ ನೋಡಪಾ. ಆದ್ರ ಸೊಸಿ ಮ್ಯಾಲಿನ ಸಿಟ್ಟು ಭಾಳ ಇಳೀತು."

ಕಾಲು

ಮೇಡಂಗೆ ಗೊತ್ತಾಗಿ ಬೋರ್ಡು ಕಿತ್ತರು. "ಏನ್ ಸರ್ ಇದು, ಚೀಟಿಂಗ್ ಅಲ್ವಾ? ಜನ ನಮ್ಮನ್ನ ಟ್ರಸ್ಟ್ ಮಾಡ್ಬೇಕು!" ನಾನು ತಲೆ ತಗ್ಗಿಸಿದೆ, ನಗು ಮುಚ್ಚಿಕೊಳ್ಳಲು. ಬೋರ್ಡು ಹೋದರೂ ಜನ ಕುಂಟುವುದು ಬಿಡಲಿಲ್ಲ. ನೆರೆಯವರ ಬಾಯಿ ಮುಚ್ಚಿಸಲು ಅದೇ ಸುಲಭ. ಒಬ್ಬ ವಾಚ್‌ಮನ್ ಎಡಗಾಲು ಎಳೆಯುತ್ತಾ ಒಳಗೆ ಹೋದವನು ಬಲಗಾಲು ಎಳೆಯುತ್ತಾ ಹೊರಬಂದ.

"ಯಪ್ಪಾ, ಕಾಲು ಬದಲಾತಲ್ಲೋ!"

"ಬದಲಾವಣಿ ನಿಧಾನಕ ಬರ್ತದಂತ ಮೇಡಂ ಅಂದಿದ್ರು. ನನಗ ಲಗೂನ ಬಂತು ನೋಡ್ರಿ" ಅಂದವನೇ ನಡೆದ.

ಸಿಗ್ನಲ್ಲು

ಒಬ್ಬ ರಿಕ್ಷಾದವನಿಗೆ ಮೂಗಿನ ತುದಿಯಲ್ಲಿ ಕೋಪ. "ಸಿಟ್ಟು ಬಂದಾಗ ಕಣ್ಣು ಮುಚ್ಚಿ, ನಿಧಾನವಾಗಿ ಉಸಿರಾಡಿ, ಹತ್ತರವರೆಗೆ ಎಣಿಸಿ" ಎಂದು ಮೇಡಂ ಕಲಿಸಿದರು. ಮುಂದಿನ ವಾರ ಬಂದವನ ಮುಖದಲ್ಲಿ ಸಂತನ ಕಳೆ.

"ಸಿಟ್ಟು ಪೂರಾ ಹೋತ್ರಿ. ಸಿಗ್ನಲ್‌ನ್ಯಾಗ ಕಣ್ಣು ಮುಚ್ಚಿ ಎಣಿಸ್ತೀನಿ. ನಾಕು ಅನ್ನೂದ್ರಾಗ ಹಸಿರು ಬೀಳ್ತದ. ಅರ್ಧಕ್ಕ ಬಿಡಬಾರದಂತ ಹತ್ತು ಮುಗಿಸೇ ಹೊಂಡ್ತೀನಿ."

"ಹಿಂದಿನವರು?" ಅಂದೆ.

"ಅವರ ಸಿಟ್ಟು ಕೇಳಬ್ಯಾಡ್ರಿ! ಎಲ್ಲಾರಿಗೂ ನಿಮ್ಮ ಅಡ್ರೆಸ್ ಕೊಟ್ಟೀನಿ."

ಸಭೆ

ಗಣಪತಿ ನೀರಿಗೆ ಹೋದ, ಸಭೆ ಸೇರಿತು. "ಈ ಕೇಂದ್ರ ಬೇಕು ಅನ್ನೋರು ಕೈ ಎತ್ರಿ" ಎಂದರು ಅಧ್ಯಕ್ಷರು. ವಾರವಾರ ಬಂದು ಕಣ್ಣೊರೆಸಿಕೊಂಡು ಹೋಗುವವರೆಲ್ಲ ಅಲ್ಲೇ ಇದ್ದರು. ಒಬ್ಬರ ಕೈಯೂ ಮೇಲೇಳಲಿಲ್ಲ. ಎತ್ತಿದರೆ ಗುಟ್ಟು ಬಯಲು! ಮೇಡಂ ಬ್ಯಾಗು ಹೆಗಲಿಗೇರಿಸಿದರು.

ಆಗ ಹಿಂದಿನ ಸಾಲಿನಿಂದ ಎದ್ದು ನಿಂತವರು ಅಧ್ಯಕ್ಷರ ಹೆಂಡತಿ.

"ಅಹೋ, ಕೇಳ್ರಿಲ್ಲೆ. ಬುಧವಾರ ನಾ ಭಜನಿಗೆ ಹೋಗೂದಿಲ್ಲ. ಆ ಕೋಣಿಗೆ ಹೋಗ್ತೀನಿ. ಒಂದು ತಾಸು ನಿಮ್ಮ ಬಗ್ಗೆ ಹೇಳಿ, ಹಗುರಾಗಿ ಮನಿಗೆ ಬರ್ತೀನಿ. ಮುಚ್ಚೂದಿದ್ರ ಮುಚ್ರಿ. ನಾಳಿಂದ ಅದನ್ನೆಲ್ಲಾ ಮನ್ಯಾಗ ನಿಮ್ಮ ಮುಂದನ ಹೇಳ್ತೀನಿ."

ಮೊದಲು ಮೇಲೆದ್ದದ್ದು ಅಧ್ಯಕ್ಷರ ಕೈ. ಅದರ ಬೆನ್ನಿಗೆ ಸಭೆಯಲ್ಲಿದ್ದ ಗಂಡಂದಿರೆಲ್ಲ ಎರಡೆರಡು ಕೈ ಎತ್ತಿದರು. ಹೆಂಗಸರು ಶಿಳ್ಳೆ ಹೊಡೆದರು. ಮೇಡಂ ನಗುತ್ತಾ ಬ್ಯಾಗು ಕೆಳಗಿಟ್ಟರು.

ಶಿಳ್ಳೆ ನಿಂತ ಮೇಲೆ ಅಧ್ಯಕ್ಷರು ಮೇಡಂ ಹತ್ತಿರ ಬಂದು, ಅತ್ತಿತ್ತ ನೋಡಿ, ದನಿ ತಗ್ಗಿಸಿದರು: "ಆಕಿಗೆ ವಾರಕ್ಕ ಒಂದು ತಾಸು ಹ್ಯಾಂಗ ಸಾಕಾದೀತ್ರಿ? ದಿನಾ ಬರಲಿ, ಬೇಕಾದ್ರ ಬಾಜೂ ಕೋಣಿನೂ ತಗೊಂಡುಬಿಡ್ರಿ."