ಪಡಸಾಲೆಯ ನಟ್ಟನಡುವಿನ ಕಂಬ

ನಮ್ಮ ಕಾಕಾ ಕಟ್ಟಿಸಿದ ಮನೆಗೆ ಹೋಗಿ, ಹಣೆಗೆ ಪೆಟ್ಟು ಮಾಡಿಕೊಳ್ಳದೆ ಹೊರಬಂದ ನೆಂಟ ಇನ್ನೂ ಹುಟ್ಟಿಲ್ಲ! ಆ ಮನೆಯ ಪಡಸಾಲೆಯ ನಟ್ಟನಡುವೆ ಒಂದು ಕಂಬ ನಿಂತಿದೆ. ಅದಿಲ್ಲದಿದ್ದರೂ ಸ್ಲ್ಯಾಬು ಬೀಳುತ್ತಿರಲಿಲ್ಲ ಎಂದು ಸ್ವತಃ ಇಂಜಿನಿಯರೇ ಹೇಳಿದ್ದಾರೆ. ಹಾಗಾದರೆ ಅದು ಅಲ್ಲಿ ಯಾಕಿದೆ? ಮನೆ ಮುಗಿಯುವ ತನಕ ನಮಗ್ಯಾರಿಗೂ ತಿಳಿಯಲಿಲ್ಲ. ಗೋಡೆ ಕಟ್ಟಿದ ಗೌಂಡಿಗಳಿಗಂತೂ ಮೊದಲೇ ತಿಳಿದಿರಲಿಲ್ಲ.

ಬ್ಯಾಡಗಿಯಿಂದ ಮೋಟೆಬೆನ್ನೂರಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಎಲೆತೋಟವಿತ್ತು. ಹಾಲವಾಣದ ಗಿಡಗಳನ್ನು ಸಾಲುಸಾಲಾಗಿ ನೆಟ್ಟು, ಅವುಗಳ ಮೈಮೇಲೆ ವೀಳ್ಯದೆಲೆಯ ಬಳ್ಳಿ ಹಬ್ಬಿಸಿದ ತೋಟ. ಹೈವೇ ಅಗಲ ಮಾಡುತ್ತಿದ್ದ ವರ್ಷಗಳಲ್ಲಿ ಬಳ್ಳಿಗೆ ಸೊರಗು ರೋಗ ಬಂದು ತೋಟ ಹೋಯಿತು. ತೋಟ ಹೋದ ವರ್ಷದ ಮಳೆಗಾಲದಲ್ಲಿ ಪೇಟೆಯೊಳಗಿನ ಹಳೆಯ ಮನೆಯ ಗೋಡೆಯೂ ಉಬ್ಬಿ ಬಿರುಕು ಬಿಟ್ಟಿತು. ತೋಟದ ಜಾಗದಲ್ಲೇ ಮನೆ ಕಟ್ಟೋಣ ಎಂದು ಎಲ್ಲರೂ ಒಪ್ಪಿದೆವು, ಅಜ್ಜಿಯೊಬ್ಬಳನ್ನು ಬಿಟ್ಟು.

ಅಜ್ಜಿಗೆ ಕಣ್ಣು ಪೂರ್ತಿ ಹೋಗಿತ್ತು. ಆದರೂ ಹಳೆಯ ಮನೆಯಲ್ಲಿ ಯಾರ ಹಂಗೂ ಇಲ್ಲದೆ ಓಡಾಡುತ್ತಿದ್ದಳು, ಒಲೆಯ ತನಕ ಹೋಗಿ ತಾನೇ ಚಹಾ ಕಾಸಿಕೊಳ್ಳುತ್ತಿದ್ದಳು.

"ಹೊಸಾ ಮನ್ಯಾಗ ಬಚ್ಚಲಕ್ಕ ಹೋಗಬೇಕಂದ್ರೂ ಯಾರದರ ಕೈ ಹಿಡೀಬೇಕು. ನಾ ಬರಂಗಿಲ್ಲಪ. ಈ ಗ್ವಾಡಿ ಮೈಮ್ಯಾಲ ಬಿದ್ರ ಬೀಳಲಿ," ಎಂದುಬಿಟ್ಟಳು.

"ಆತ್ ಬಿಡಬೇ ಅವ್ವ," ಎಂದ ಕಾಕಾ. ಅಷ್ಟೇ! ಮಗನಾದವನು ತಾಯಿಯನ್ನು ಒಪ್ಪಿಸಬೇಡವೇ? ಕೈಕಾಲು ಹಿಡಿಯಬೇಡವೇ? ಇವನು ಮರುದಿನವೇ ಟವೆಲ್ಲು ಸುತ್ತಿಕೊಂಡು ತೋಟಕ್ಕೆ ನಡೆದ.

ಎಲೆತೋಟದೊಳಗೆ ಚಪ್ಪಲಿ ಹಾಕಿಕೊಂಡು ಕಾಲಿಡಬಾರದು, ಬಳ್ಳಿ ಮುನಿಯುತ್ತದೆ ಎಂಬುದು ನಮ್ಮ ಕಡೆಯ ಪದ್ಧತಿ. ಬಳ್ಳಿಯೇ ಹೋದ ಮೇಲೆ ಮುನಿಯುವವರು ಯಾರು? ನಮ್ಮ ಕಾಕಾ! ಹಾವೇರಿಯಿಂದ ಬಂದ ಇಂಜಿನಿಯರು ರಸ್ತೆಯ ಅಂಚಿನಲ್ಲೇ ಬೂಟು ಬಿಚ್ಚಿ, ಜಲ್ಲಿಕಲ್ಲಿನ ಮೇಲೆ ಕುಣಿಯುತ್ತ ಬಂದರು.

"ಯಜಮಾನ್ರ, ಇದು ತೋಟಾನೋ ಮನೀನೋ? ಒಂದು ಹೇಳಿಬಿಡ್ರಿ!"

"ತೋಟ ಹೋಗೇತಿ, ಮನಿ ಬಂದಿಲ್ರಿ. ಗೊತ್ತಾಗೂ ತನಕ ಬೂಟ್ ಕೈಯಾಗ ಇರ್ಲಿ."

ಅವರು ಕೊಟ್ಟ ನಕ್ಷೆಯನ್ನು ಕಾಕಾ ಭಕ್ತಿಯಿಂದ ಮಡಚಿ ಕಿಸೆಗೆ ಹಾಕಿಕೊಂಡ. ಆಮೇಲೆ ಅದನ್ನು ಬಿಚ್ಚಿದ್ದನ್ನು ನಾನು ಕಂಡಿಲ್ಲ. ತಾನೇ ಜಾಗದ ತುಂಬ ಓಡಾಡಿ ಗೂಟ ಬಡಿದ. ಅದೂ ಹೇಗೆ? ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಬರಿಗಾಲಲ್ಲಿ ನೆಲ ಸವರುತ್ತ! ಗೌಂಡಿ ನನ್ನ ಕಿವಿಯಲ್ಲಿ, "ನಿಮ್ಮ ಕಾಕಾರು ಅರಾಮ ಅದಾರಲ್ರಿ?" ಎಂದು ಕೇಳಿದ. ನನಗೂ ಅದೇ ಅನುಮಾನ.

ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಪಾಯ ತೆಗೆಯುವಂತಿಲ್ಲ. ಶ್ರಾವಣದಲ್ಲಿ ಹೋಗಿ ನೋಡಿದರೆ ನಮ್ಮ ಮನೆ ಚಿಗುರಿತ್ತು! ಕಾಕಾ ಬಡಿದದ್ದು ಹಸಿ ಹಾಲವಾಣದ ಗೂಟ. ಮಳೆ ಬಿದ್ದದ್ದೇ ತಡ, ಎಲ್ಲ ಎಲೆ ಬಿಟ್ಟು ನಿಂತಿದ್ದವು. ಆ ಎಲೆಯ ಆಸೆಗೆ ಪಕ್ಕದ ಹೊಲದ ಆಡುಗಳು ನುಗ್ಗಿ ದೇವರಮನೆಯನ್ನು ಪೂರ್ತಿ, ಅಡುಗೆಮನೆಯನ್ನು ಅರ್ಧ ಮೇಯ್ದು, ಉಳಿದ ಗೂಟಗಳನ್ನು ತುಳಿದು ಕೆಡವಿದ್ದವು. ಚಿಗವ್ವ, ಅಂದರೆ ಕಾಕಾನ ಹೆಂಡತಿ, ಹಣೆ ಬಡಿದುಕೊಂಡಳು.

"ನನ್ನ ಅಡಗಿಮನಿ ಆಡಿನ ಹೊಟ್ಟ್ಯಾಗ ಹೋತಲ್ರಿ!"

"ಗೂಟ ತಿಂದಾವ, ಜಾಗಾ ಎಲ್ಲಿ ತಿಂದಾವ?" ಎಂದ ಕಾಕಾ ಮತ್ತೆ ಕಣ್ಣು ಮುಚ್ಚಿದ.

ರಾಣೆಬೆನ್ನೂರಿನಿಂದ ವಾಸ್ತು ಪಂಡಿತರನ್ನು ಕರೆಸಿದ್ದು ಚಿಗವ್ವ. ಅವರು ಬಾಗಿಲಿನ ಜಾಗದಲ್ಲಿ ನಿಂತು ಆ ಕಡೆ ಈ ಕಡೆ ತಿರುಗಿ ಬೆವತುಹೋದರು.

"ಇದು ಪೂರ್ವ ಅಲ್ಲ, ಉತ್ತರಾನೂ ಅಲ್ಲ. ಯಾವ ದಿಕ್ಕ್ರಿ ಇದು?"

"ತೋಟಕ್ಕ ನೀರು ಹಾಯಿಸೂ ದಿಕ್ಕ್ರಿ," ಎಂದ ಕಾಕಾ, ಬಹಳ ವಿನಯದಿಂದ.

ಆ ಗೊಂದಲದಲ್ಲಿ ಪಂಡಿತರು ಗೌಂಡಿಯ ಚಪ್ಪಲಿ ಮೆಟ್ಟಿಕೊಂಡು ರಾಣೆಬೆನ್ನೂರಿಗೆ ಹೋಗಿಬಿಟ್ಟರು.

ಅಂತೂ ಮನೆ ಎದ್ದಿತು. ಕೋಣೆಗಳು ಸೊಟ್ಟ, ಬಚ್ಚಲು ಎಲ್ಲೋ ಎಡಕ್ಕೆ, ಅಡುಗೆಮನೆ ಇನ್ನೆಲ್ಲೋ ಬಲಕ್ಕೆ, ನಡುವೆ ಆ ಕಂಬ. "ಇದಕ್ಕೇನ್ ಕೆಲಸ ಐತ್ರಿ ಇಲ್ಲಿ?" ಎಂದು ಚಿಗವ್ವ ಕೇಳಿದರೆ, "ನಿಂದರೂದು," ಎಂಬ ಉತ್ತರ!

ಗೃಹಪ್ರವೇಶದ ದಿನ ಅಜ್ಜಿ, "ಉಂಡು ಹೊಳ್ಳಿ ಹೋಗಾಕಿ ನಾ," ಎಂದು ಕರಾರು ಮಾಡಿಯೇ ಟಂಟಂ ಗಾಡಿ ಹತ್ತಿದಳು. ಇಳಿದವಳು ರಸ್ತೆಯ ಅಂಚಿನಲ್ಲಿ ತಾನಾಗಿಯೇ ಚಪ್ಪಲಿ ಬಿಟ್ಟಳು. ಹೊಸ್ತಿಲು ದಾಟಿಸಿದ ಮೇಲೆ ನಾನು ಅವಳ ಕೈ ಹಿಡಿದೇ ಇದ್ದೆ. ಕಾಕಾ ಬಿಡಿಸಿದ.

"ಅವ್ವಾ, ತೋಟದ ನಡುವಿನ ಸಾಲಿನ ಬಾಯಾಗ ನಿಂತೀದಿ. ನಡಿ."

ಅಜ್ಜಿ ಪಾದದಿಂದ ನೆಲವನ್ನೊಮ್ಮೆ ಸವರಿದಳು. ಆಮೇಲೆ ಒಂದೊಂದೇ ಹೆಜ್ಜೆ ಇಡುತ್ತ ಹೋಗಿ ಕೈ ಚಾಚಿದಳು. ಕಂಬ ಸಿಕ್ಕಿತು.

"ಇಲ್ಲೇ ದೊಡ್ಡ ಹಾಲವಾಣ ಇತ್ತಲ್ಲೋ!"

"ಈಗೂ ಐತಿ ತಗೋ."

"ಇಲ್ಲಿಂದ ಎಡಕ್ಕ ಬಾವಿ ದಾರಿ..."

"ಆ ದಾರ್ಯಾಗ ಬಚ್ಚಲ ಐತಿ."

"ಬಲಕ್ಕ ಎಲಿ ಪೆಂಡಿ ಕಟ್ಟೂ ಚಪ್ಪರ..."

"ಅಲ್ಲೇ ನಿನ್ನ ಒಲಿ ಐತಿ."

ಅಜ್ಜಿ ಕಂಬವನ್ನು ಬಿಟ್ಟು ಬಲಕ್ಕೆ ತಿರುಗಿದಳು. ಮದುವೆಯಾಗಿ ಬಂದಂದಿನಿಂದ ಎಲೆ ಕೊಯ್ಯುತ್ತ ನಡೆದ ದಾರಿಯದು. ಯಾರ ಕೈಯನ್ನೂ ಹಿಡಿಯದೆ ಅಡುಗೆಮನೆಯೊಳಗೆ ಹೋದಳು. ಚಿಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಇಷ್ಟು ದಿನ ನಾವು ಹುಚ್ಚ ಎಂದು ನಕ್ಕದ್ದು ಈ ಕಾಕಾನನ್ನು ನೋಡಿಯೇ ಅಲ್ಲವೇ?

"ಚಾಪುಡಿ ಎಲ್ಲಿಟ್ಟೀರಿ?" ಒಳಗಿನಿಂದ ಅಜ್ಜಿ ಕೂಗಿದಳು.

ನಮಗೆ ಕಾಣದಂತೆ ಕಣ್ಣೊರೆಸಿಕೊಳ್ಳಲು ಗಬಕ್ಕನೆ ತಿರುಗಿದ ಕಾಕಾ ಅದೇ ಕಂಬಕ್ಕೆ ಹಣೆ ಬಡಿಸಿಕೊಂಡ. ಸಪ್ಪಳ ಅಡುಗೆಮನೆಗೂ ಕೇಳಿತು.

"ಮತ್ತ ಹಾಲವಾಣಕ್ಕ ತಲಿ ಬಡಕೊಂಡ್ಯಾ? ಸಣ್ಣಾಂವ ಇದ್ದಾಗಿಂದ ಇದ ಆತು ನಿಂದು," ಎಂದಳು ಅಜ್ಜಿ. "ನೋಡಿಕೊಂತ ನಡೀಬಾರದೇನೋ ನನ್ನಪ್ಪಾ!"